ಬೋರ್ಡಿನ ಮೇಲೆ ಬಂದ ಬಾಗಿಲು

ಬೋರ್ಡಕ್ಕನ ಎಡಗಿವಿ ಹೋದದ್ದು ಮದುವೆಯಾದ ಹೊಸತರಲ್ಲಿ, ಗಂಡನ ಒಂದೇ ಏಟಿಗೆ. ಉಣ್ಣುತ್ತಿದ್ದ ಸ್ಟೀಲಿನ ತಟ್ಟೆಯನ್ನೇ ಎತ್ತಿ ಅಂಚಿನಿಂದ ಬಾರಿಸಿದ್ದ. ಯಾಕೆಂದು ಮಾರನೆಯ ದಿನ ಅವನಿಗೇ ನೆನಪಿರಲಿಲ್ಲ. ಆ ಗಂಡ ಸತ್ತು ಬಹಳ ಕಾಲವಾಯಿತು. ಕುಡಿದು, ತಾನೇ ಓಡಿಸುವ ಲಾರಿಯ ನೆರಳಿಗೆ ಹೋಗಿ ಚಕ್ರದ ಮುಂದೆ ಮಲಗಿದ್ದ. ಗಾಡಿ ತೆಗೆದ ಇನ್ನೊಬ್ಬ ಡ್ರೈವರು ನೋಡಿರಲಿಲ್ಲ. ಹೆಣ ಮನೆಗೆ ಬಂದಾಗ ಅವಳು ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು, ಮತ್ತೆ ಮುಚ್ಚಿದಳು, ಎದ್ದು ಹೋಗಿ ಕೈ ತೊಳೆದುಕೊಂಡಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ತಟ್ಟೆ ಮಾತ್ರ ಇನ್ನೂ ಇದೆ, ಅಂಚು ಸೊಟ್ಟಗಾಗಿದೆ. ಅದರಲ್ಲೇ ಉಣ್ಣುತ್ತಾಳೆ.

ಅವಳು ಕೆಲಸಕ್ಕೆ ಸೇರಿದ್ದು ಅವನು ಬದುಕಿದ್ದಾಗಲೇ, ಅವನು ದುಡಿಯುತ್ತಿದ್ದ ಜಾಗದಲ್ಲೇ. ಮೀನು, ಮಾಂಸವನ್ನು ಹೆಪ್ಪುಗಟ್ಟಿಸಿಟ್ಟು ಲಾರಿಗಳಲ್ಲಿ ಕಳಿಸುವ ಗೋದಾಮು ಅದು. ಒಳಗೆ ಮೂಳೆ ಕೊರೆಯುವ ಚಳಿ, ಹೊರಗೆ ತಲೆ ಸಿಡಿಯುವ ಬಿಸಿಲು, ಇವೆರಡರ ನಡುವೆ ದಿನವಿಡೀ ಓಡಾಡುವ ಗಂಡಸರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಪೆಟ್ಟಿಗೆ ಎಳೆಯುವ ಕೊಕ್ಕೆ ಎಲ್ಲರ ಸೊಂಟದಲ್ಲೂ ನೇತಾಡುತ್ತಿತ್ತು. ಮಾತು ತಪ್ಪಿದರೆ ಕೈಗೆ ಮೊದಲು ಸಿಗುತ್ತಿದ್ದದ್ದು ಅದೇ. ನೆಲದ ಮೇಲೆ ಕರಗಿದ ಮಂಜಿನ ನೀರು ಯಾವಾಗಲೂ ನಸುಗೆಂಪಾಗಿರುತ್ತಿತ್ತು. ಅದು ಮೀನಿನದೋ ಮನುಷ್ಯನದೋ ಎಂದು ಯಾರೂ ಬಗ್ಗಿ ನೋಡುತ್ತಿರಲಿಲ್ಲ.

ಅವಳ ಜಾಗ ಆಫೀಸಿನ ಗೋಡೆಯ ಎದುರು. ಗೋಡೆಯ ಮೇಲೆ ದೊಡ್ಡ ಪರದೆ, ಪರದೆಯ ತುಂಬ ಚೌಕಗಳು. ಅದಕ್ಕೆ ಎಲ್ಲರೂ ಬೋರ್ಡು ಅನ್ನುತ್ತಿದ್ದರು, ಅದನ್ನು ನೋಡಿಕೊಳ್ಳುವ ಅವಳಿಗೆ ಬೋರ್ಡಕ್ಕ. ಒಂದು ಚೌಕದಲ್ಲಿ ಲಾರಿಗಳು ಎಲ್ಲೆಲ್ಲಿವೆ ಎಂದು ತೋರಿಸುವ ನಕ್ಷೆ. ಒಂದರಲ್ಲಿ ಚಳಿಕೋಣೆಗಳಲ್ಲಿ ಚಳಿ ಎಷ್ಟಿದೆ ಎಂಬ ಅಂಕಿ. ಇನ್ನೊಂದರಲ್ಲಿ ಗೇಟಿನ ಕ್ಯಾಮೆರಾ. ಇದೇ ಬೋರ್ಡು ಸಿಬ್ಬಂದಿಯ ಮೊಬೈಲಿನಲ್ಲೂ ತೆರೆಯುತ್ತಿತ್ತು. ಆದರೆ ಒಂದು ಚೌಕವೂ ಗೋದಾಮಿನ ಸ್ವಂತದ್ದಲ್ಲ. ನಕ್ಷೆ ಯಾವುದೋ ಕಂಪನಿಯದು, ಕ್ಯಾಮೆರಾ ಮತ್ತೊಂದು ಕಂಪನಿಯದು. ಬೋರ್ಡಿಗೆ ಹಾಕುವಾಗ ಪ್ರತಿ ಕಂಪನಿಯೂ ಕೇಳುತ್ತಿತ್ತು: ಯಾರ ಅನುಮತಿಯ ಮೇಲೆ ತೋರಿಸಲಿ? ಯಾರಾದರೂ ಒಬ್ಬರು ತಮ್ಮ ಹೆಸರು, ಫೋನ್ ನಂಬರು ಕೊಟ್ಟು ಹೂಂ ಅನ್ನಬೇಕು. ಆಮೇಲೆ ಕೆಳಗೆ ಇನ್ನೊಂದು ಪ್ರಶ್ನೆ: ನಿಮ್ಮ ಅನುಮತಿಯನ್ನು ಎಲ್ಲರೊಂದಿಗೆ ಹಂಚಲೇ?

ಮೊದಲ ಸಲ ಆ ಪ್ರಶ್ನೆ ಬಂದ ದಿನ ಆಫೀಸಿನಲ್ಲಿ ಎಲ್ಲರಿಗೂ ಏನೋ ಅರ್ಜೆಂಟು ಕೆಲಸ ನೆನಪಾಗಿತ್ತು. ನಾಳೆ ಏನಾದರೂ ಎಡವಟ್ಟಾದರೆ ಹೆಸರು ಇದ್ದವನ ಕುತ್ತಿಗೆಗೇ ಬರುತ್ತದಲ್ಲ! "ನನ್ನದು ಹಾಕಿ, ನನ್ನ ಕುತ್ತಿಗೆ ಗಟ್ಟಿ ಇದೆ," ಎಂದು ಅವಳೇ ಮುಂದೆ ಬಂದಿದ್ದಳು. ಅಂದಿನಿಂದ ಇಡೀ ಗೋದಾಮು ನೋಡುತ್ತಿದ್ದದ್ದು ಅವಳ ಅನುಮತಿಯಿಂದ. ಲೋಡರುಗಳು ಅದಕ್ಕೆ ಅಕ್ಕನ ಕಣ್ಣು ಅನ್ನುತ್ತಿದ್ದರು. "ಏಯ್, ಅಲ್ಲಿ ಉಚ್ಚೆ ಹೊಯ್ಯಬೇಡ್ವೋ, ಅಕ್ಕನ ಕಣ್ಣಿದೆ!"

ಅವಳ ತಂಗಿ ಗಂಡನ ಮನೆಯಿಂದ ಓಡಿ ಬಂದದ್ದು ಒಂದು ಮಧ್ಯಾಹ್ನ. ಕಾಲಲ್ಲಿ ಒಂದೇ ಚಪ್ಪಲಿ. ಕೆಳತುಟಿ ಹರಿದು ಗಲ್ಲದವರೆಗೆ ರಕ್ತ ಒಣಗಿತ್ತು. ತಲೆಯ ಹಿಂಭಾಗದಲ್ಲಿ ಬೊಗಸೆಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಅಕ್ಕ ನೀರು ಕಾಯಿಸಿ, ತಲೆ ತೊಳೆದು, ಗಾಯಕ್ಕೆ ಮುಲಾಮು ಹಚ್ಚಿದಳು.

"ಈ ಸಲ ಹೋಗಲ್ಲ ಅಕ್ಕಾ," ಅಂದಳು ತಂಗಿ.

"ಹೋದ ಸಲಾನೂ ಇದನ್ನೇ ಅಂದಿದ್ದೆ."

"ಹೋದ ಸಲ ಕೂದಲಿತ್ತು."

ಇಬ್ಬರಿಗೂ ನಗು ಬಂತು. ನಕ್ಕರೆ ತಂಗಿಯ ತುಟಿ ಮತ್ತೆ ಬಿರಿದು ರಕ್ತ ಬಂತು.

ತಂಗಿಯ ಗಂಡನೂ ಅದೇ ಗೋದಾಮಿನಲ್ಲಿ ಡ್ರೈವರಾಗಿದ್ದವನು. ಗಾಡಿಗೆ ಹಿಂದೆ ಮುಂದೆ ಮಾಡಿ ಪೆಟ್ಟಿಗೆ ಹಾಕಿದ ಎಂಬಷ್ಟಕ್ಕೆ ಒಬ್ಬ ಲೋಡರಿನ ತೊಡೆಗೆ ಕೊಕ್ಕೆ ಚುಚ್ಚಿ ಎಳೆದಿದ್ದ. ಕೆಲಸದಿಂದ ತೆಗೆದರು. ಬೋರ್ಡಿನಿಂದ ಅವನ ಫೋನನ್ನು ತೆಗೆದದ್ದು ಅಕ್ಕನೇ, ಸಂತೋಷದಿಂದ. ಈಗ ಅವಳು ಮನೆ ಬದಲಿಸಿದಳು. ಊರಿನ ಇನ್ನೊಂದು ತುದಿಯ ಓಣಿಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ವಿಳಾಸವನ್ನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಒಳಗಿನಿಂದ ದಪ್ಪ ಸರಪಳಿ ಹಾಕಿಸಿದಳು. ಬಾಗಿಲ ಮೇಲೆ ಕ್ಯಾಮೆರಾ ಹಾಕಿಸಿದಳು, ಕೆಲಸದಲ್ಲಿದ್ದಾಗಲೂ ತಂಗಿಯ ಮೇಲೆ ಒಂದು ಕಣ್ಣಿರಲಿ ಎಂದು.

ಕ್ಯಾಮೆರಾ ಹಾಕಲು ಬಂದವನು ಏಣಿಯ ಮೇಲಿಂದಲೇ ಕೇಳಿದ್ದ: "ಅಮ್ಮಾ, ನಿಮ್ಮ ನಂಬರಿನಲ್ಲಿ ಆಗಲೇ ನಮ್ಮ ಕಂಪನಿಯ ಖಾತೆ ಇದೆಯಲ್ಲ. ಅದಕ್ಕೇ ಸೇರಿಸಿಬಿಡಲಾ?"

"ಸೇರಿಸಿ," ಅಂದಿದ್ದಳು. ಒಂದೇ ನಂಬರು, ಒಂದೇ ಪಾಸ್‌ವರ್ಡು, ನೆನಪಿಡುವುದು ಸುಲಭ.

ಆ ಖಾತೆಯಲ್ಲಿದ್ದದ್ದು ಗೋದಾಮಿನ ಗೇಟು. ಆ ಖಾತೆಯನ್ನು ಎಲ್ಲರೊಂದಿಗೆ ಹಂಚು ಎಂದು ಅವಳು ಎಂದೋ ಗುರುತು ಹಾಕಿದ್ದಳು. ಗೇಟನ್ನು ಮಾತ್ರ ಹಂಚು ಎಂದು ಅವಳು ಹೇಳಿರಲಿಲ್ಲ. ಹಾಗೆ ಹೇಳಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೋಡೆಯ ಬೋರ್ಡಿನ ಮೇಲೆ ಮೊದಲಿನ ಹಾಗೇ ಗೇಟು ಕಾಣುತ್ತಿತ್ತು. ಮೊಬೈಲಿನಲ್ಲಿ ನೋಡುವವರು ಆ ಚೌಕದ ಮೇಲೆ ಬೆರಳು ಸರಿಸಿದರೆ ಮಾತ್ರ ಮುಂದಿನ ಚಿತ್ರ ಬರುತ್ತಿತ್ತು: ಒಂದು ಬಾಗಿಲು, ಬಾಗಿಲ ಪಕ್ಕ ಬಟ್ಟೆ ಒಣಗಿಸುವ ದಾರ, ಎದುರು ಗೋಡೆಯ ಮೇಲೆ ಒಬ್ಬ ಹಲ್ಲಿನ ಡಾಕ್ಟರ ಬಣ್ಣ ಹೋದ ಬೋರ್ಡು. ದಾರದ ಕೆಳಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸು, ಬೆಳಿಗ್ಗೆ ಸಂಜೆ ಹೋಗಿ ಬರುವ ಅಕ್ಕ.

ಅದನ್ನು ನೋಡಿದವರು ಇದ್ದರು. ಬಿಲ್ಲು ಬರೆಯುವವಳು ನೋಡಿದ್ದಳು. ಲೋಡರುಗಳು ನೋಡಿದ್ದರು. ಮೇನೇಜರು ಒಮ್ಮೆ ನೋಡಿ, ಏನೋ ಹೆಂಗಸರ ವಿಷಯ ಎಂದು ಬೆರಳು ವಾಪಸು ಸರಿಸಿದ್ದರು. ಒಬ್ಬರೂ ಅಕ್ಕನ ಹತ್ತಿರ ಬಾಯಿಬಿಡಲಿಲ್ಲ. ಬೇರೆಯವರ ಮನೆಯ ಬಾಗಿಲನ್ನು ನೋಡಿಯೂ ನೋಡದಂತೆ ಇರುವುದು ಮರ್ಯಾದೆ ಎಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಿಳಿದುಕೊಂಡಿದ್ದರು. ಗಂಡ ಬದುಕಿದ್ದಾಗ ಅಕ್ಕನ ಮುಖದ ಊತವನ್ನೂ ಅವರಲ್ಲಿ ಹಳಬರು ಹಾಗೆಯೇ ನೋಡಿದ್ದರು.

ಹಲ್ಕಿರುಕನೂ ನೋಡಿದ್ದ. ಅವನು ಡ್ರೈವರು. ಬೈದರೂ ಹೊಗಳಿದರೂ ಹಲ್ಲು ಬಿಡುವುದರಿಂದ ಆ ಹೆಸರು. ಯಾರು ಏನು ಕೇಳಿದರೂ ಕೊಡುವವನು: ಬೀಡಿ, ಬೈಕು, ಕೊನೆಗೆ ಹಾಕಿಕೊಂಡ ಶರಟು. ತಂಗಿಯ ಗಂಡ ಅವನ ಹಳೆಯ ಗೆಳೆಯ. ಒಂದು ದಿನ ಚಹಾದಂಗಡಿಯಲ್ಲಿ ಸಿಕ್ಕಿ, "ನಿನ್ನ ಫೋನು ಕೊಡೋ, ನಂದು ಚಾರ್ಜಿಲ್ಲ," ಅಂದ. ಹಲ್ಕಿರುಕ ಹಲ್ಲುಬಿಟ್ಟು ಕೊಟ್ಟ. ಗಂಡ ಅದರಲ್ಲಿ ಬೋರ್ಡು ತೆರೆದ. ಲಾರಿಗಳನ್ನು ನೋಡಿದ, ಗೇಟು ನೋಡಿದ, ಬೆರಳು ಸರಿಸಿದ. ಹಲ್ಲಿನ ಡಾಕ್ಟರ ಬೋರ್ಡನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಹೆಸರು ಓದಿಕೊಂಡ. ಚಹಾ ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, ಫೋನು ವಾಪಸು ಕೊಟ್ಟ.

"ನಾಳೆ ಈ ಹಲ್ಲಿನ ಡಾಕ್ಟರ ಓಣಿ ಕಡೆ ಹೋಗ್ತೀಯಲ್ಲ, ನನ್ನ ಒಂಚೂರು ಬಿಟ್ಟುಬಿಡು. ಮಾತಾಡಿ ಕರ್ಕೊಂಡು ಬರ್ತೀನಿ."

"ಆಯ್ತು ಬಾರಪ್ಪ. ಗಂಡ ಹೆಂಡ್ತಿ ಒಂದಾದ್ರೆ ನಮಗೂ ಒಂದು ಊಟ," ಅಂದಿದ್ದ ಹಲ್ಕಿರುಕ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಬೋರ್ಡಿನ ಮುಂದೆ ಕೂತು, ಮೂರನೇ ಕೋಣೆಯ ಚಳಿ ಯಾಕೆ ಕಡಿಮೆಯಾಗುತ್ತಿದೆ ಎಂದು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದಳು. ಬಿಲ್ಲು ಬರೆಯುವವಳು ಕುರ್ಚಿಯಿಂದ ಎದ್ದು ಬಂದು ಅವಳ ಬಲಗಡೆ ನಿಂತಳು. ಏನಾದರೂ ಹೇಳಬೇಕಾದರೆ ಅಕ್ಕನ ಬಲಗಡೆ ಬರಬೇಕು ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

"ಅಕ್ಕಾ, ನಿಮ್ಮ ಮನೆ ಬಾಗಿಲಲ್ಲಿ ಯಾರೋ ಇದಾರೆ."

"ನನ್ನ ಮನೆ ಬಾಗಿಲು ನಿನಗೆಲ್ಲಿ ಕಾಣ್ತು?"

ಅವಳು ತನ್ನ ಮೊಬೈಲನ್ನು ಮುಂದೆ ಹಿಡಿದಳು.

ಅಕ್ಕ ಒಂದು ಕ್ಷಣ ನೋಡಿದಳು. ಆಮೇಲೆ ಮೌಸು ಹಿಡಿದು ಗೇಟಿನ ಚೌಕವನ್ನು ಸರಿಸಿದಳು, ಹಿಗ್ಗಿಸಿದಳು. ಅರ್ಧ ಗೋಡೆಯ ಮೇಲೆ ಅವಳ ಮನೆಯ ಬಾಗಿಲು ಬಂದು ನಿಂತಿತು. ಬಾಗಿಲ ಮುಂದೆ ತಂಗಿಯ ಗಂಡ, ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ರಾಡು.

ಕ್ಯಾಮೆರಾಕ್ಕೆ ಶಬ್ದವಿರಲಿಲ್ಲ. ರಾಡು ಬಾಗಿಲಿಗೆ ಬಿತ್ತು, ಮರದ ಚಕ್ಕೆ ಹಾರಿತು, ಮತ್ತೆ ಬಿತ್ತು, ಏನೂ ಕೇಳಿಸಲಿಲ್ಲ. ಕೋಣೆಯಲ್ಲಿದ್ದ ಎಲ್ಲರೂ ಆಗ ಅಕ್ಕನಿಗಿಂತ ಕಿವುಡರು. ಒಳಗಿನ ಚಿಲಕ ಕಿತ್ತು ಬಾಗಿಲು ಅಂಗೈಯಗಲ ತೆರೆದು ಸರಪಳಿಗೆ ನಿಂತಿತು. ಅವನು ಸಂದಿಯಲ್ಲಿ ಕೈ ತೂರಿಸಿದ. ಕೈ ಒಳಗೆ ತಡಕಾಡಿ ಏನನ್ನೋ ಹಿಡಿದು ಎಳೆಯಿತು. ಸಂದಿಯಲ್ಲಿ ತಂಗಿಯ ಮೊಣಕೈ ಕಂಡಿತು. ಅವನು ಅದನ್ನು ಬಾಗಿಲ ಅಂಚಿಗೆ ಅಡ್ಡ ಹಿಡಿದು, ಬಾಗಿಲನ್ನು ಭುಜದಿಂದ ಗುದ್ದಿದ. ತೋಳು ಬಾಗಬಾರದ ಕಡೆ ಬಾಗಿತು.

ಬಿಲ್ಲು ಬರೆಯುವವಳು ಕೂಗಿಕೊಂಡು ಮುಖ ಮುಚ್ಚಿಕೊಂಡಳು.

ಮೇನೇಜರು ಗಾಜಿನ ಕೋಣೆಯಿಂದ ಓಡಿ ಬಂದರು. "ಏನಿದು? ಏನಮ್ಮ ಇದು! ತೆಗೀರಿ, ಮೊದಲು ನಿಮ್ಮ ಅನುಮತಿ ತೆಗೀರಿ! ಎಲ್ಲ ಡ್ರೈವರುಗಳ ಫೋನಲ್ಲೂ ಹೋಗ್ತಿದೆ ಇದು!"

"ಪೊಲೀಸರಿಗೆ ಫೋನ್ ಮಾಡಿ ಸಾರ್," ಅಂದಳು ಅಕ್ಕ.

"ಮಾಡ್ತೀನಿ. ನೀವು ಇದನ್ನ ಬಂದ್ ಮಾಡಿ."

"ಹೋಗಲಿ. ಎಲ್ಲರ ಫೋನಿಗೂ ಹೋಗಲಿ." ಅವಳ ದನಿ ಏರಲಿಲ್ಲ. ಕಣ್ಣು ಆಗಲೇ ಪಕ್ಕದ ಚೌಕಕ್ಕೆ ಸರಿದಿತ್ತು. ಲಾರಿಗಳ ನಕ್ಷೆ. ಯಾರಾದರೂ ಹತ್ತಿರ ಇರಬೇಕು, ಯಾರಾದರೂ. ಅವಳ ಓಣಿಯ ತಿರುವಿನಲ್ಲೇ ಒಂದು ಹಸಿರು ಚುಕ್ಕಿ ನಿಂತಿತ್ತು. ಅದರ ನಂಬರು ನೋಡಿ ಫೋನು ಎತ್ತಿದಳು.

"ಹಲೋ ಅಕ್ಕಾ," ಹಲ್ಕಿರುಕನ ದನಿ. ಇಂಜಿನ್ನು ಚಾಲೂ ಇತ್ತು.

"ಗಾಡಿ ಎಲ್ಲಿದೆ?"

"ದಾರೀಲಿದೀನಿ ಅಕ್ಕಾ, ಇನ್ನೇನು..."

"ನನ್ನ ಮನೆ ತಿರುವಲ್ಲಿದೆ ನಿನ್ನ ಗಾಡಿ."

"ಮಾತಾಡಿ ಬರ್ತೀನಿ ಅಂದ ಅಕ್ಕಾ. ಕರ್ಕೊಂಡು ಬರ್ತಾನಂತೆ. ಗಂಡ ಹೆಂಡ್ತಿ ಜಗಳ, ನಾನ್ಯಾಕೆ ನಡುವೆ ಅಂತ..."

"ನಿನ್ನ ಫೋನಲ್ಲಿ ಬೋರ್ಡು ತೆಗಿ. ಅವನು ಹೇಗೆ ಮಾತಾಡ್ತಿದಾನೆ ನೋಡು."

ಅವನು ನೋಡಿದನೆಂದು ಅವಳಿಗೆ ಗೊತ್ತಾದದ್ದು ಅವನ ಉಸಿರಿನಿಂದ. ಫೋನು ಎಲ್ಲೋ ಬಿದ್ದ ಸದ್ದಾಯಿತು. ಲಾರಿಯ ಬಾಗಿಲು ದಢಾರೆಂದಿತು.

ಗೋಡೆಯ ಮೇಲೆ ಸರಪಳಿ ಕಿತ್ತು ಬರುವುದರಲ್ಲಿತ್ತು. ಆಗ ಚಿತ್ರದ ಅಂಚಿನಿಂದ ಚಳಿಕೋಣೆಯ ದಪ್ಪ ಕೋಟು ತೊಟ್ಟ ಒಂದು ಆಕೃತಿ ಓಡಿ ಬಂತು. ಕೋಟು ಗಂಡನನ್ನು ಹಿಂದಿನಿಂದ ತಬ್ಬಿ ಎಳೆಯಿತು. ಇಬ್ಬರೂ ಬಟ್ಟೆಯ ದಾರ ಹರಿದುಕೊಂಡು ನೆಲಕ್ಕೆ ಬಿದ್ದರು. ರಾಡು ಎದ್ದು ಹಲ್ಕಿರುಕನ ಬೆನ್ನಿಗೆ ಬಿತ್ತು, ಕೋಟು ತಡೆಯಿತು. ಮತ್ತೆ ಎದ್ದು ಬಾಯಿಗೆ ಬಿತ್ತು, ಅಲ್ಲಿ ಕೋಟಿರಲಿಲ್ಲ. ಅವನ ಗಲ್ಲದಿಂದ ಎದೆಯವರೆಗೂ ಒಮ್ಮೆಲೇ ಕೆಂಪಾಯಿತು. ಆದರೂ ತಬ್ಬಿದ ಕೈ ಬಿಡಲಿಲ್ಲ. ಇಲ್ಲ ಅನ್ನಲು ಬಾರದವನು, ಬಿಡು ಎಂದರೂ ಬಿಡಲು ಬಾರದವನಂತೆ ಹಿಡಿದೇ ಇದ್ದ.

ಬಾಗಿಲು ತೆರೆಯಿತು. ತಂಗಿ ಹೊರಗೆ ಬಂದಳು. ಒಂದು ತೋಳು ಜೋತುಬಿದ್ದಿತ್ತು. ಇನ್ನೊಂದು ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ವೈರು ಬಾಲದ ಹಾಗೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ಅಕ್ಕನ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳೇನೋ. ಅವಳು ಬಗ್ಗಿ ಅದನ್ನು ಗಂಡನ ರಾಡು ಹಿಡಿದ ಕೈಯ ಮೇಲೆ ಒತ್ತಿ ಹಿಡಿದಳು. ಅವನ ಬಾಯಿ ದೊಡ್ಡದಾಗಿ ತೆರೆಯಿತು. ಶಬ್ದವಿಲ್ಲ. ರಾಡು ಉರುಳಿಹೋಯಿತು. ಅವಳು ಪೆಟ್ಟಿಗೆ ಎತ್ತಿ ಅವನ ಭುಜಕ್ಕೆ ಹೊಡೆದಳು. ಮತ್ತೆ ಎತ್ತಿದಳು.

"ಇನ್ನೊಂದು," ಅಂದಳು ಅಕ್ಕ.

ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಮೇನೇಜರು ತಿರುಗಿ ಅವಳನ್ನು ನೋಡಿದರು.

"ಇನ್ನೊಂದು ಹಾಕು. ಹಾಕೇ!" ಅವಳ ಕೈಯಲ್ಲಿದ್ದ ಮೌಸು ಚಟ್ಟೆಂದು ಸೀಳಿತು. ಅವಳು ನೋಡುತ್ತಿದ್ದದ್ದು ತಂಗಿಯ ಗಂಡನನ್ನೇ ಅಲ್ಲ. ಸೊಟ್ಟ ಅಂಚಿನ ತಟ್ಟೆಯೊಂದು ಅವಳ ಕಣ್ಣ ಮುಂದೆ ಏಳುತ್ತಿತ್ತು, ಬೀಳುತ್ತಿತ್ತು, ಈ ಸಲ ಹಿಡಿದ ಕೈ ಬೇರೆಯದಿತ್ತು. ಗೋಡೆಯ ಮೇಲೆ ಹಲ್ಕಿರುಕ ರಕ್ತ ಉಗುಳುತ್ತಾ ಎದ್ದು, ಈಗ ತಂಗಿಯ ಕೈಯನ್ನು ಹಿಡಿದುಕೊಂಡ. ಕೆಳಗೆ ಬಿದ್ದವನು ಮಿಸುಕುತ್ತಿದ್ದ. ತಂಗಿ ಪೆಟ್ಟಿಗೆಯನ್ನು ನಿಧಾನವಾಗಿ ನೆಲಕ್ಕಿಟ್ಟಳು. ಬಿಸಿ ಮಗ್ಗುಲು ನೆಲಕ್ಕೆ ತಾಗದಂತೆ, ನೆಟ್ಟಗೆ ನಿಲ್ಲಿಸಿಟ್ಟಳು. ಯಾವಾಗಲೂ ಹಾಗೇ ಇಡುವವಳು.

ಆಗ ಅಕ್ಕನಿಗೆ ಕೈಯಿಂದ ರಕ್ತ ಬರುತ್ತಿರುವುದು ಕಂಡಿತು. ಮೌಸಿನ ಚೂರು ಚುಚ್ಚಿತ್ತು.

ಪೊಲೀಸರು ಬಂದರು, ಆಂಬುಲೆನ್ಸು ಬಂತು. ತಂಗಿಯ ತೋಳಿಗೆ ಪ್ಲಾಸ್ಟರು ಬಿತ್ತು. ಅವಳ ಗಂಡನನ್ನು ಆಸ್ಪತ್ರೆಯಿಂದ ನೇರ ಜೈಲಿಗೆ ಒಯ್ದರು; ಇಂದಲ್ಲ ನಾಳೆ ಹೊರಗೆ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಹಲ್ಕಿರುಕನ ಮುಂದಿನ ಹಲ್ಲುಗಳು ಓಣಿಯ ಚರಂಡಿಯಲ್ಲಿ ಹೋದವು. ಹೆಸರು ಮಾತ್ರ ಹಾಗೇ ಉಳಿಯಿತು.

ಮೇನೇಜರು ಹೇಳಿದರು, "ನಿಮ್ಮ ಮನೆ ಬಾಗಿಲು ಇನ್ನು ಮೇಲೆ ಬೋರ್ಡಲ್ಲಿ ಬರಬಾರದಮ್ಮ. ಕೆಲಸದ ಜಾಗ ಇದು."

ಅಕ್ಕನದೂ ಅದೇ ಮನಸ್ಸು. ಆ ಸಂಜೆ ತಂಗಿಯ ಪಕ್ಕದಲ್ಲಿ ಕೂತು ಹೇಳಿದಳು, "ನನ್ನಿಂದಲೇ ಅವನಿಗೆ ದಾರಿ ಸಿಕ್ಕಿತು ಕಣೇ. ನಾಳೆ ಹೋಗಿ ತೆಗೆದುಬಿಡ್ತೀನಿ."

ತಂಗಿ ಒಂದೇ ಕೈಯಲ್ಲಿ ಬಟ್ಟೆ ಮಡಚಲು ಹೆಣಗುತ್ತಿದ್ದಳು. "ಬೇಡ, ಇರಲಿ."

"ಹುಚ್ಚಾ ನಿನಗೆ?"

"ಆ ಮನೇಲಿ ಅಷ್ಟು ವರ್ಷ ಹೊಡೆದನಲ್ಲ ಅಕ್ಕಾ, ಒಬ್ಬರೂ ನೋಡಲಿಲ್ಲ. ಗೋಡೆ ಒಂದೇ ನೋಡಿದ್ದು. ಮೊನ್ನೆ ನೋಡಿದ್ರು, ಒಬ್ಬ ಬಂದ. ಮುಂದಿನ ಸಲ ಅವನು ಬಂದಾಗ ಎಲ್ಲರೂ ನೋಡ್ತಾ ಇರಲಿ."

"ಯಾರ ಕೈಗೆ ಸಿಗುತ್ತೋ ಏನೋ..."

"ಅದನ್ನ ನೀನು ನೋಡ್ಕೋ. ಅದೇ ನಿನ್ನ ಕೆಲಸ ತಾನೆ?"

ಮಾರನೆಯ ದಿನ ಅಕ್ಕ ಬೋರ್ಡಿನ ಮುಂದೆ ಕೂತು ತನ್ನ ಅನುಮತಿಯನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಳು. ಒಂದೊಂದೇ ಚೌಕ ಕಪ್ಪಾಯಿತು. ಬೋರ್ಡು ಕಾಣದೆ ಗೇಟಿನಲ್ಲಿ ಸಿಕ್ಕಿಕೊಂಡ ಲಾರಿಗಳು ಹಾರನ್ನು ಹೊಡೆಯತೊಡಗಿದವು, ಅಂಗಳದಲ್ಲಿ ಬೈಗುಳ ಎದ್ದಿತು, ಮೇನೇಜರು ಗಾಜಿನ ಕೋಣೆಯಿಂದ ಹೊರಗೆ ಬಂದು ನಿಂತರು.

"ಕೆಲಸದ ಚೌಕಗಳನ್ನ ಮೊದಲಿನ ಹಾಗೇ ಎಲ್ಲರಿಗೂ ಕೊಡ್ತೀನಿ ಸಾರ್," ಅಂದಳು. "ಗೇಟಿಗೆ ಬೇರೆ ಖಾತೆ ಮಾಡಿದೀನಿ. ನನ್ನ ಬಾಗಿಲು ಎಲ್ಲರಿಗೂ ಇಲ್ಲ. ಬೇಕಾದವರು ನನ್ನ ಹತ್ತಿರ ಬಂದು ಕೇಳಲಿ. ಬೇಡ ಅಂದ್ರೆ ಈ ಬೋರ್ಡಿಗೆ ನಿಮ್ಮ ಹೆಸರು ಹಾಕ್ಕೊಳ್ಳಿ."

ಮೇನೇಜರು ಕಪ್ಪು ಗೋಡೆಯನ್ನು ನೋಡಿದರು, ಹಾರನ್ನು ಕೇಳಿದರು, ಮತ್ತೆ ಒಳಗೆ ಹೋದರು.

ಬಿಲ್ಲು ಬರೆಯುವವಳು ಮೊದಲು ಬಂದಳು. ಅಕ್ಕ ಅವಳ ಮುಖ ನೋಡಿ ಕೇಳಿದಳು: "ನೋಡಿದ ಮೇಲೆ ನೋಡದ ಹಾಗೆ ಇರಲ್ಲ ತಾನೆ?" ಅವಳು ಅಳುತ್ತಾ ಇಲ್ಲವೆಂದಳು. ಅಕ್ಕ ಅವಳ ಹೆಸರಿನ ಮುಂದೆ ಗುರುತು ಹಾಕಿದಳು. ತೊಡೆಗೆ ಹೊಲಿಗೆ ಬಿದ್ದಿದ್ದ ಲೋಡರು ಕುಂಟುತ್ತಾ ಬಂದ. "ನಂಗೆ ಮೊದಲು ಕೊಡಬೇಕಿತ್ತಕ್ಕಾ," ಅಂದ. ಬಂದವರು ಕೆಲವರು. ಬರದವರೂ ಇದ್ದರು. ಅವರನ್ನು ಅವಳು ಕರೆಯಲಿಲ್ಲ.

ಹಲ್ಕಿರುಕ ಕೆಲಸಕ್ಕೆ ಮರಳಿದ ದಿನ ಬಂದು ಅವಳ ಎಡಗಡೆ ನಿಂತು ಏನೋ ಹೇಳಿದ. ಅವಳು ತಿರುಗಲಿಲ್ಲ. ಅವನು ಕುರ್ಚಿ ಸುತ್ತಿ ಬಲಗಡೆ ಬಂದ. ಹೊಲಿಗೆ ಹಾಕಿದ ತುಟಿಯಲ್ಲಿ ಮಾತು ತೊದಲುತ್ತಿತ್ತು.

"ನನಗೆ ಬಾಗಿಲು ಬೇಡ ಅಂದೆ ಅಕ್ಕಾ. ಯಾರಾದ್ರೂ ಫೋನು ಕೇಳಿದ್ರೆ ಮತ್ತೆ ಕೊಟ್ಬಿಡ್ತೀನಿ. ನನ್ನ ಬುದ್ಧಿ ನಂಗೆ ಗೊತ್ತು."

ಅಕ್ಕ ಅವನ ಬಾಯಿಯನ್ನು ನೋಡಿದಳು. "ಬಾಗಿಲ ಹೊರಗಡೆ ಕಬ್ಬಿಣದ ಗ್ರಿಲ್ ಕೂರಿಸಬೇಕು," ಅಂದಳು. "ತಂದು ಗೋಡೆಗೆ ಒರಗಿಸಿಟ್ಟಿದೀನಿ. ಹೋಗಿ ಹಾಕ್ಕೊಡು."

"ಅವಳು ನನ್ನ ನೋಡಿದ್ರೆ ಬಾಗಿಲು ತೆಗೀತಾಳಾ?"

"ಅದನ್ನ ಅವಳನ್ನ ಕೇಳು."

ಮಧ್ಯಾಹ್ನ ಬೋರ್ಡಿನ ಮೇಲೆ ಅವನು ಕಾಣಿಸಿಕೊಂಡ. ಒಂದು ಕೈಯಲ್ಲಿ ಡ್ರಿಲ್ಲಿಂಗ್ ಮಿಷನ್ನು, ಇನ್ನೊಂದರಲ್ಲಿ ಸ್ಕ್ರೂ ಡಬ್ಬಿ. ಹೊಸದಾಗಿ ಕಟ್ಟಿದ ಬಟ್ಟೆಯ ದಾರದ ಆಚೆಯೇ ನಿಂತ. ಬಾಗಿಲು ತಟ್ಟಲಿಲ್ಲ. ಏನೋ ಕೂಗಿ ಹೇಳಿದ. ಮಿಷನ್ನಿನ ವೈರು ಎತ್ತಿ, ಕ್ಯಾಮೆರಾಕ್ಕೋ ಬಾಗಿಲಿಗೋ ತೋರಿಸಿದ. ಬಿಸಿಲಿನಲ್ಲಿ ಹಾಗೇ ನಿಂತಿದ್ದ. ಆಫೀಸಿನಲ್ಲಿ ಬಿಲ್ಲಿನ ಮಿಷನ್ನು ನಿಂತಿತು. ಕುಂಟುವ ಲೋಡರು ಆಫೀಸಿನ ಬಾಗಿಲಲ್ಲೇ ಕೊಕ್ಕೆ ಹಿಡಿದು ನೋಡುತ್ತಿದ್ದ.

ಬಾಗಿಲು ಅಂಗೈಯಗಲ ತೆರೆಯಿತು. ಸಂದಿಯಿಂದ ಒಂದು ಕೈ ಹೊರಬಂದು, ಎಕ್ಸ್‌ಟೆನ್ಷನ್ ವೈರಿನ ತುದಿಯನ್ನು ಹೊಸ್ತಿಲ ಆಚೆ ಇಟ್ಟು ಒಳಗೆ ಹೋಯಿತು.

ಸರಪಳಿ ಹಾಕಿದ ಹಾಗೇ ಇತ್ತು. ಹಲ್ಕಿರುಕ ಬಗ್ಗಿ ವೈರು ಚುಚ್ಚಿದ, ಗ್ರಿಲ್ಲನ್ನು ಗೋಡೆಗೆ ಹಿಡಿದು ಅಳತೆ ನೋಡತೊಡಗಿದ.